ಐದರ ರೈಲಿಗೆ ಮುಂಚೆ

ಸಾಗರದಲ್ಲಿ ಇಳಿದಾಗ ಹನ್ನೊಂದೂಕಾಲು.
ವಾಪಸು ರೈಲು ಐದಕ್ಕೆ.
ನಡುವೆ ಸಿಕ್ಕಿದ್ದು ಹಗಲಿನ ಒಂದು ತುಂಡು,
ಅದರಲ್ಲೂ ಊಟಕ್ಕೊಂದಿಷ್ಟು,
ಜೈಬುನ್ನಿಸಾಳ ಮಂಡಿಗೊಂದಿಷ್ಟು.

ಹಾಲೇಶ ಟೆಂಪೊ ಬಾನೆಟ್ಟಿನ ಮೇಲೆ
ಡೀಸೆಲ್ ಚೀಟಿ ಮಗುಚಿ ಹಾಕಿ ಬರೆದ:
ಇಕ್ಕೇರಿ ಕಾಲು ಗಂಟೆ. ಕೆಳದಿ ಅದಕ್ಕಿಂತ ಚೂರು ಹೆಚ್ಚು.
ಬಳ್ಳಿಗಾವಿ ಒಂದೂಕಾಲು.
ನಗರದ ಕೋಟೆ ಒಂದೂವರೆ, ರಸ್ತೆ ಚೆನ್ನಾಗಿದ್ದರೆ.
"ಯಾವ್ದಾದ್ರೂ ಒಂದು ಹಾಳು ಆರಿಸ್ಕೊಳ್ಳಿ ಅಮ್ಮಾ,
ಎಲ್ಲಾ ಬೇಕು ಅಂದ್ರೆ ಡೀಸೆಲ್ಲೂ ಹಾಳು."

ನಾವು ನಾಲ್ವರು
ಶಿಮೊಗ್ಗ ಟೆಲಿಫೋನ್ ಎಕ್ಸ್‌ಚೇಂಜಿನ
ಟ್ರಂಕ್ ಬೋರ್ಡಿನ ಮುಂದೆ ಸಾಲಾಗಿ ಕೂತು
ಕಿವಿ ಸವೆಸಿದವರು.
ಎತ್ತರದ ಸ್ಟೂಲು, ನೆಲಕ್ಕೆ ತಾಗದ ಪಾದ,
ಪ್ಲಗ್ಗು ಕಿತ್ತು ಪ್ಲಗ್ಗು ತೂರಿಸಿ
ಸಾವಿನ ಸುದ್ದಿಗೂ ಕೊಬ್ಬರಿ ರೇಟಿಗೂ
ಒಂದೇ ದನಿಯಲ್ಲಿ, ಮೂರು ನಿಮಿಷ ಆಯ್ತು, ಮುಂದುವರಿಸಲಾ?
ಹಾಳೂರಿಗೆ ಉಳಿದವನೇ ಗೌಡ ಅಂತಾರೆ,
ಆ ಬೋರ್ಡಿಗೆ ಉಳಿದ ಗೌಡ್ತಿಯರು ನಾವು.

ಕ್ಲಾರಾ ಡಯಾಸಳಿಗೆ ಬಳ್ಳಿಗಾವಿಯೇ ಆಗಬೇಕು.
ಬಸ್ಸಿನ ಟಿಕೆಟ್ಟಿನ ಮೇಲಿದ್ದ ಎರಡು ತಲೆ ಹಕ್ಕಿ
ಅಲ್ಲಿ ಕಂಬದ ಮೇಲೆ ಕೂತಿದೆಯಂತೆ,
"ಇಷ್ಟು ವರ್ಷ ಚಿಲ್ಲರೆ ಕೊಟ್ಟಿದೀನಿ, ಮುಖ ನೋಡ್ಬೇಡ್ವಾ?"
ಜೈಬುನ್ನಿಸಾಳಿಗೆ ಇಕ್ಕೇರಿ. ಮೆಟ್ಟಿಲು ಕಮ್ಮಿ, ನೆರಳು ಜಾಸ್ತಿ.
ವಾಗ್ದೇವಿ ಕೆಳದಿ ಅಂದಳು, ಆಮೇಲೆ ನಿಮ್ಮಿಷ್ಟ ಅಂದಳು,
ಮೂವತ್ತು ವರ್ಷದಿಂದ ಅವಳದ್ದು ಇದೇ.

ನನಗೆ ನಗರ.
ಕೋಟೆಗಲ್ಲ. ರಾಣಿಯರ ಕೊಳಕ್ಕೂ ಅಲ್ಲ.
ಹನ್ನೊಂದು ವರ್ಷ ನನ್ನ ಎಡಗಿವಿಯಲ್ಲಿದ್ದ ದನಿಗೆ.
ಹೆಸರು ಕೇಳಿರಲಿಲ್ಲ. ಅವಳು ನಗರ, ನಾನು ಶಿಮೊಗ್ಗ.
ಮೊದಲು ಸಣ್ಣ ಕೆಮ್ಮು, ಆಮೇಲೆ "ನಗರಾ",
ಅವಳ ಹಿಂದಿನ ಗೋಡೆ ಗಡಿಯಾರ ಐದು ನಿಮಿಷ ತಡ.
ರಾತ್ರಿ ಪಾಳಿಯಲ್ಲಿ ಲೈನು ಖಾಲಿ ಇದ್ದರೆ
"ಶಿಮೊಗ್ಗಾ, ಏನ್ ಸಾರು ಇವತ್ತು?"
ನನ್ನ ಗಂಡ ಕೇಳದ ಪ್ರಶ್ನೆ ಅದು.
ಒಂದು ಸೋಮವಾರ ಪ್ಲಗ್ಗು ತೂರಿಸಿದೆ,
ದೀಪ ಹತ್ತಲಿಲ್ಲ. ಹೊಸ ಯಂತ್ರ ಬಂದಿತ್ತಂತೆ,
ಅದಕ್ಕೆ ನಾವಿಬ್ಬರೂ ಬೇಕಿರಲಿಲ್ಲ.

"ಕೈ ಎತ್ತಿ ಬೇಗ" ಅಂದ ಹಾಲೇಶ.
ಲೆಕ್ಕ ಹಾಕಿದ್ದೆ. ಹೋಗಿ ಬರಬಹುದಿತ್ತು.
ಊಟ ಬಿಟ್ಟರೆ ಧಾರಾಳ.
ಆ ಕಟ್ಟಡ ಈಗ ಏನಾಗಿದೆಯೋ,
ಗೊಬ್ಬರದ ಗೋದಾಮೋ, ಬರೀ ಬುನಾದಿಯೋ,
ಅಥವಾ ಯಾರೋ ಬಾಗಿಲಿಗೆ ಬಂದು
ಅವರಾ, ತೀರಿಹೋಗಿ ಬಹಳ ದಿನ ಆಯ್ತು ಅಂತ
ಕೋಟೆಯ ಗೈಡಿನಂತೆ ಬಾಯಿಪಾಠ ಒಪ್ಪಿಸಿದರೆ?

"ಇಕ್ಕೇರಿ" ಅಂದೆ.
ನನ್ನ ಕೈ ನನಗಿಂತ ಮೊದಲೇ ಎದ್ದಿತ್ತು.

ಇಕ್ಕೇರಿಯಲ್ಲಿ ನಾಯಕರು ನೆಲದಲ್ಲೇ ಇದ್ದಾರೆ,
ಕಲ್ಲು ಹಾಸಿನಲ್ಲಿ ಕೈ ಮುಗಿದು ಅಡ್ಡ ಬಿದ್ದು.
ದಾಟುವುದೋ ಸುತ್ತಿ ಹೋಗುವುದೋ ತಿಳಿಯದೆ
ಕ್ಲಾರಾ ಒಂಟಿ ಕಾಲಲ್ಲಿ ನಿಂತಳು.
ನಂದಿಯ ಕಾಲಿನ ಸಂದಿಯಿಂದ
ಯಾರದೋ ಹುಡುಗ ನುಸುಳಿ ಆಚೆ ಬಂದ,
ಮತ್ತೆ ಈಚೆಯಿಂದ ನುಸುಳಿದ. ಅವನಿಗೆ ರೈಲಿಲ್ಲ.
ನಾನು ಕಂಬಕ್ಕೆ ಎಡಗಿವಿ ಆನಿಸಿದೆ, ಸುಮ್ಮನೆ, ತಂಪಿಗೆ.
ಯಾರೂ ನೋಡಲಿಲ್ಲ ಅಂದುಕೊಂಡೆ.

ವಾಪಸು ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು.
ಹಾಲೇಶ ಇಂಜಿನ್ ಆರಿಸಿದ.
ಜೈಬುನ್ನಿಸಾ ಮಂಡಿ ನೀವಿಕೊಳ್ಳುತ್ತ
ನನ್ನ ಕಡೆ ತಿರುಗದೆ ಕೇಳಿದಳು:
"ನಗರದಲ್ಲಿ ಒಬ್ಬಳಿದ್ದಳಲ್ಲ, ಕೆಮ್ಮಿ ಮಾತಾಡೋಳು?"

ನೆನಪಿಲ್ಲ ಅಂದೆ.
ಗೇಟಿನಾಚೆ ಒಂದು ಎಮ್ಮೆ ಕಾಯುತ್ತಿತ್ತು.